ದುಡ್ಡು ಕೊಟ್ಟ ಇ-ಪುಸ್ತಕ ನಮ್ಮದಾಗದೆ ಹೋದದ್ದು ಹೇಗೆ?

2009ರ ಜುಲೈ. ಇ-ಪುಸ್ತಕ ಓದಲೆಂದೇ ಇರುವ ಅಮೆಜಾನ್‌ನ ಸಾಧನ ಕಿಂಡಲ್ ತೆರೆದ ಎಷ್ಟೋ ಓದುಗರಿಗೆ ಜಾರ್ಜ್ ಆರ್ವೆಲ್ ಅವರ ‘1984’ ಕಾಣಲಿಲ್ಲ. ದುಡ್ಡು ಕೊಟ್ಟು ತಗೊಂಡಿದ್ದ ಪುಸ್ತಕ ಅದು. ಮಾರಾಟಕ್ಕಿಟ್ಟ ಕಂಪನಿಗೆ ಅದರ ಹಕ್ಕೇ ಇರಲಿಲ್ಲ ಅಂತ ತಿಳಿದ ಅಮೆಜಾನ್, ದುಡ್ಡು ವಾಪಸ್ ಮಾಡಿ ಪುಸ್ತಕವನ್ನು ದೂರದಿಂದಲೇ ಅಳಿಸಿಹಾಕಿತ್ತು. ಒಬ್ಬ ವಿದ್ಯಾರ್ಥಿ ಓದುತ್ತಾ ಬರೆದುಕೊಂಡಿದ್ದ ಟಿಪ್ಪಣಿಗಳು ಉಳಿದವು. ಆದರೆ ಯಾವ ಟಿಪ್ಪಣಿ ಯಾವ ಸಾಲಿನದು ಅಂತ ನೋಡೋಣ ಅಂದರೆ ಪುಸ್ತಕವೇ ಇಲ್ಲ! ಆಮೇಲೆ ಅಮೆಜಾನ್‌ನ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಕೇಳಿದರು.

ಅಚ್ಚಿನ ಪುಸ್ತಕಕ್ಕೆ ಈ ಪಾಡಿಲ್ಲ. ಅದರ ಹಿಂದೆ 1908ರ ಒಂದು ತೀರ್ಪಿದೆ. ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ತನ್ನ ಕಾದಂಬರಿಯೊಳಗೆ ‘ಒಂದು ಡಾಲರ್‌ಗಿಂತ ಕಡಿಮೆಗೆ ಮಾರುವಂತಿಲ್ಲ’ ಎಂದು ಅಚ್ಚು ಹಾಕಿಸಿತ್ತು. ನ್ಯೂಯಾರ್ಕಿನ ಮೇಸೀಸ್ ಅಂಗಡಿ 89 ಸೆಂಟಿಗೇ ಮಾರಿತು. ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟಕ್ಕೆ ಪ್ರಕಾಶಕರು ಹೀಗೆ ಬೆಲೆ ಕಟ್ಟುವಂತಿಲ್ಲ ಎಂದಿತು ಅಮೆರಿಕದ ಸುಪ್ರೀಂ ಕೋರ್ಟ್. ಬರಹದ ಹಕ್ಕು ಲೇಖಕರದು, ಕೈಯಲ್ಲಿರುವ ಪ್ರತಿ ಕೊಂಡವರದು. ಹಳೆ ಪುಸ್ತಕದ ಅಂಗಡಿ, ಗ್ರಂಥಾಲಯ ನಿಂತಿರುವುದು ಈ ಮಾತಿನ ಮೇಲೆಯೇ.

ಇ-ಪುಸ್ತಕದಲ್ಲಿ ಕಾಗದವಿಲ್ಲ. ಇನ್ನೊಬ್ಬರಿಗೆ ಕಳಿಸಿದರೆ ಹೊಸ ನಕಲು ಹುಟ್ಟುತ್ತದೆ, ನಕಲು ಮಾಡುವುದು ಹಕ್ಕುದಾರರ ಅಧಿಕಾರ. ಹಾಗಾಗಿ ಮಾರುವವರು ಪುಸ್ತಕದ ಬದಲು ಓದುವ ಪರವಾನಗಿ ಕೊಡತೊಡಗಿದರು. ನಕಲು ಮಾಡದಂತೆ ತಡೆಯುವ ಒಂದು ಡಿಜಿಟಲ್ ಬೀಗವನ್ನೂ ಅದಕ್ಕೆ ಹಾಕಿದರು. ಬೀಗ ಮುರಿಯುವುದನ್ನು ಅಮೆರಿಕ 1998ರಲ್ಲೇ ಕಾನೂನು ತಂದು ನಿಷೇಧಿಸಿತ್ತು.

ಲೇಖಕರಿಗೂ ಹೋರಾಟ ತಪ್ಪಲಿಲ್ಲ. ಹಳೆ ಒಪ್ಪಂದದಲ್ಲಿ ‘ಪುಸ್ತಕ ರೂಪದಲ್ಲಿ’ ಅಂತ ಇದ್ದರೆ ಇ-ಪುಸ್ತಕದ ಹಕ್ಕೂ ತನ್ನದೇ ಎಂದು ರ‍್ಯಾಂಡಮ್ ಹೌಸ್ ಪ್ರಕಾಶನ ವಾದಿಸಿತ್ತು. 2001ರಲ್ಲಿ ನ್ಯೂಯಾರ್ಕಿನ ಕೋರ್ಟ್ ಅದನ್ನು ಒಪ್ಪಲಿಲ್ಲ.

ಜಾಸ್ತಿ ಪೆಟ್ಟು ಬಿದ್ದದ್ದು ಗ್ರಂಥಾಲಯಗಳಿಗೆ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ ಹೊಸ ಷರತ್ತು ಹಾಕಿತು: ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಟ್ಟ ಮೇಲೆ ಪರವಾನಗಿ ಮುಗಿಯಿತು, ಬೇಕಿದ್ದರೆ ಮತ್ತೆ ದುಡ್ಡು ಕೊಡಬೇಕು. ಇಪ್ಪತ್ತೇಳನೇ ಓದುಗರು ಬರುವಷ್ಟರಲ್ಲಿ, ಒಂದು ಹಾಳೆಯೂ ಹರಿಯದ ಪುಸ್ತಕ ಇಲ್ಲವಾಗಿರುತ್ತದೆ. ಇದು ಅನ್ಯಾಯ ಅಂತಲೇ ನನ್ನ ಅನಿಸಿಕೆ. ಯುರೋಪಿನಲ್ಲೂ 2019ರಲ್ಲಿ ಅಲ್ಲಿನ ಉನ್ನತ ಕೋರ್ಟ್, ಓದಿದ ಇ-ಪುಸ್ತಕವನ್ನು ಹಕ್ಕುದಾರರ ಒಪ್ಪಿಗೆಯಿಲ್ಲದೆ ಮರುಮಾರಾಟ ಮಾಡುವಂತಿಲ್ಲ ಎಂದಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ದುಡ್ಡು ವಾಪಸ್ ಬಂತು, ಪುಸ್ತಕಗಳು ಹೋದವು.

ಬರೆದವರಿಗೆ ದುಡ್ಡು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇ-ಪುಸ್ತಕದ ಅಂಗಡಿಗಳು ಒತ್ತಲು ಕೊಡುವ ‘ಕೊಳ್ಳಿ’ (Buy) ಎಂಬ ಗುಂಡಿಯ ಬಗ್ಗೆ. ಬಾಡಿಗೆಯಂಥದ್ದನ್ನು ಕೊಟ್ಟು ಮಾರಾಟ ಅಂದರೆ ಹೇಗೆ? ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಸಿಗುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲ. ಇಳಿಸಿಕೊಂಡು, ಇಂಟರ್ನೆಟ್ ಇಲ್ಲದೆಯೂ ಶಾಶ್ವತವಾಗಿ ಇಟ್ಟುಕೊಳ್ಳುವ ಫೈಲ್ ಕೊಟ್ಟವರಿಗೆ ಆ ನಿರ್ಬಂಧವಿಲ್ಲ.