ಮಘೆಯ ಪಕ್ಕದ ಹೊಗೆ

ಬಚ್ಚಲಮನೆಯ ತಾಮ್ರದ ಹಂಡೆ ತಳದಲ್ಲಿ ಸೋರತೊಡಗಿತ್ತು. ಗುಜರಿಗೆ ಹಾಕೋಣವೆಂದರೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಹಾಗಾಗಿ ಹಾಸನದ ಬಿ.ಎಂ. ರಸ್ತೆ ಬದಿಯ ಒಂದು ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಹೊತ್ತು ತಂದೆ. ‘ಹಿಂದಕ್ ಸರ್ಕೊಳಿ ಸಾ, ಅಂಗಿ ಮಸಿಯಾಗ್ತದೆ’ ಅಂದವನೇ ಆತ ಅಸಿಟಿಲೀನ್ (ಇಂಗಾಲ, ಹೈಡ್ರೋಜನ್ ಸೇರಿದ ಅನಿಲ) ನಾಬ್ ತಿರುಗಿಸಿ ಕಿಡಿ ಹಚ್ಚಿದ. ಹಳದಿ ಜ್ವಾಲೆ ಭುಗ್ಗೆಂದಿತು. ಅದರ ತುದಿಯಿಂದ ಕರಿದಾರದ ಎಳೆಗಳಂತೆ ಮಸಿ ಎದ್ದು, ಸುತ್ತಾಡಿ, ನನ್ನ ಅಂಗಿಯ ಮೇಲೆಯೇ ಬಂದು ಕೂತಿತು. ಆಮೇಲೆ ಆಮ್ಲಜನಕದ ನಾಬ್ ಬಿಚ್ಚಿದ. ಮಸಿ ಮಾಯ. ಜ್ವಾಲೆ ನೀಲಿ ಸೂಜಿಯಾಯಿತು.

ಮುದಿ ನಕ್ಷತ್ರಗಳ ವಿಚಾರ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ. ಆಮ್ಲಜನಕ ಕಡಿಮೆಯಾದರೆ ಮಸಿ, ಅಂದರೆ ಮಿಕ್ಕ ಇಂಗಾಲ; ಸಾಕಷ್ಟಿದ್ದರೆ ಮಸಿಯಿಲ್ಲ. ನಕ್ಷತ್ರದಲ್ಲಿ ನಡೆಯುವುದು ಉರಿಯುವಿಕೆ ಅಲ್ಲ, ಅದಷ್ಟೇ ವ್ಯತ್ಯಾಸ. ಅಲ್ಲಿ ಬಿಸಿ ಅನಿಲ ಹೊರಕ್ಕೆ ಹರಿಯುತ್ತ ತಣಿಯುವಾಗ ಪರಮಾಣುಗಳು ಜೋಡಿ ಹುಡುಕಿಕೊಳ್ಳುತ್ತವೆ. ಇಂಗಾಲ ಮತ್ತು ಆಮ್ಲಜನಕದ ಜೋಡಿ, ಅಂದರೆ ಕಾರ್ಬನ್ ಮಾನಾಕ್ಸೈಡ್, ಎರಡು ಪರಮಾಣುಗಳ ಅಣುಗಳಲ್ಲೆಲ್ಲ ಅತ್ಯಂತ ಬಿಗಿಯಾದದ್ದು. ಅದು ಒಮ್ಮೆ ಕೂಡಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಎರಡರಲ್ಲಿ ಯಾವುದು ಕಡಿಮೆ ಇದೆಯೋ ಅದು ಹೆಚ್ಚುಕಡಿಮೆ ಪೂರ್ತಿ ಈ ಜೋಡಿಯಲ್ಲೇ ಖರ್ಚಾಗುತ್ತದೆ. ಉಳಿದದ್ದೇ ಮುಂದಿನ ಅಡುಗೆಗೆ ಸಾಮಾನು.

ಸೂರ್ಯನಲ್ಲಿ ಎರಡು ಆಮ್ಲಜನಕಕ್ಕೆ ಸುಮಾರು ಒಂದು ಇಂಗಾಲ. ಇಂಥ ನಕ್ಷತ್ರ ಮುದಿಯಾದಾಗ ಮಿಗುವುದು ಆಮ್ಲಜನಕ. ಅದು ಸಿಲಿಕಾನ್, ಮೆಗ್ನೀಸಿಯಂ, ಕಬ್ಬಿಣಗಳನ್ನು ಕೂಡಿ ಸಿಲಿಕೇಟ್ ಧೂಳಾಗುತ್ತದೆ. ಬೇಲೂರಿನ ಶಿಲಾಬಾಲಿಕೆಯರನ್ನು ಕಡೆದ ಬಳಪದ ಕಲ್ಲು ಕೂಡ ಮೆಗ್ನೀಸಿಯಂ ಸಿಲಿಕೇಟೇ. ಆ ಧೂಳಿನ ದೂರದ ನೆಂಟ ಅನ್ನಬಹುದು. ಆದರೆ ಸೂರ್ಯನಿಗಿಂತ ಸ್ವಲ್ಪ ಹೆಚ್ಚು ತೂಕದ ಕೆಲವು ನಕ್ಷತ್ರಗಳಲ್ಲಿ, ಒಡಲಾಳದ ಹೀಲಿಯಂ ಕವಚ ಸಾವಿರಾರು ವರ್ಷಗಳಿಗೊಮ್ಮೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಮೂರು ಹೀಲಿಯಂ ಸೇರಿ ಒಂದು ಇಂಗಾಲ. ಆ ಬೆಂಕಿ ತಣ್ಣಗಾಗುತ್ತಿದ್ದಂತೆ ಮೇಲಿನ ಪದರ ಕೆಳಗಿಳಿದು, ಹುಳಿಯ ತಳ ಕೆದಕಿದ ಸೌಟಿನಂತೆ ಇಂಗಾಲವನ್ನು ಮೇಲಕ್ಕೆ ತರುತ್ತದೆ. ಹೀಗೆ ಕೆಲವು ಸಲ ಆಗುವಷ್ಟರಲ್ಲಿ ಲೆಕ್ಕ ತಿರುವುಮುರುವು: ಇಂಗಾಲ ಹೆಚ್ಚು, ಆಮ್ಲಜನಕ ಕಡಿಮೆ. ಅಲ್ಲಿಗೆ ಕಲ್ಲಿನ ಕಾಲ ಮುಗಿದು ಮಸಿಯ ಕಾಲ ಶುರು.

ಇಂಥವುಗಳಲ್ಲಿ ನಮಗೆ ತೀರ ಹತ್ತಿರದ್ದೊಂದು ಇರುವ ಜಾಗ ಕೇಳಿದರೆ ನಮ್ಮ ಕಡೆಯ ರೈತರಿಗೆ ನಗು ಬಂದೀತು. ‘ಬಂದರೆ ಮಘೆ, ಹೋದರೆ ಹೊಗೆ’ ಎಂದು ಮಘೆ ಮಳೆಯ ಬಗ್ಗೆ ಗಾದೆಯಿದೆಯಲ್ಲ, ಆ ಮಘಾ ನಕ್ಷತ್ರದ ಪಡುವಣಕ್ಕೆ, ಕೈ ಚಾಚಿ ಮೂರು ಬೆರಳು ಹಿಡಿದಷ್ಟು ದೂರದಲ್ಲಿ ನಿಜವಾಗಿಯೂ ಹೊಗೆಯಿದೆ. ಕಾಫಿ ಹೂಮಳೆಗೆ ಕಾಯುವ ಮಾರ್ಚ್ ತಿಂಗಳ ರಾತ್ರಿ ಅಂಗಳದಲ್ಲಿ ನಿಂತು ಆ ಜಾಗ ನೋಡಿದ್ದೇನೆ. ಏನೂ ಕಾಣುವುದಿಲ್ಲ. ತನ್ನದೇ ಮಸಿಯಲ್ಲಿ ಮುಚ್ಚಿಹೋದ ನಕ್ಷತ್ರ ಅದು.

ಅದನ್ನು ಪತ್ತೆ ಹಚ್ಚಿದ ಕಥೆ ನನಗೆ ಇಷ್ಟ. 1960ರ ದಶಕದಲ್ಲಿ ಅಮೆರಿಕದ ಗೆರಿ ನಾಯ್ಗೆಬೌವರ್ ಮತ್ತು ರಾಬರ್ಟ್ ಲೇಟನ್ ಒಂದು ದೂರದರ್ಶಕವನ್ನು ಕೈಯಾರೆ ಕಟ್ಟಿದರು. ಅಲ್ಯೂಮಿನಿಯಂ ತಟ್ಟೆಯ ಮೇಲೆ ಎಪಾಕ್ಸಿ ಅಂಟು ಸುರಿದು ಗಿರಗಿರ ತಿರುಗಿಸಿದರು. ತಿರುಗುವ ದ್ರವ ತಾನಾಗಿ ತಳೆದ ಕುಳಿಯೇ ಗಟ್ಟಿಯಾಗಿ 62 ಇಂಚಿನ ಕನ್ನಡಿಯಾಯಿತು. ಅದರಿಂದ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಆಕಾಶ ಜಾಲಾಡಿದಾಗ ಸಿಕ್ಕಿದ್ದು ಐಆರ್‌ಸಿ+10216 ಎಂಬ ಈ ನಕ್ಷತ್ರ. 1969ರಲ್ಲಿ ಅದರ ವರದಿ ಪ್ರಕಟವಾಯಿತು. ಕಣ್ಣಿನ ಪಾಲಿಗೆ ಸೊನ್ನೆಯಾದ ಇದು, 5 ಮೈಕ್ರಾನ್ ಅಲೆಯುದ್ದದ ಅವಕೆಂಪಿನಲ್ಲಿ ಸೌರಮಂಡಲದಾಚೆಯ ಕಾಯಗಳಲ್ಲೆಲ್ಲ ಪ್ರಖರ. ಮಸಿ ಬೆಳಕನ್ನು ನುಂಗಿ ಶಾಖವಾಗಿ ಕಕ್ಕುತ್ತದೆ. ಒಲೆ ಆರಿದ ಮೇಲೂ ಹಂಡೆಯ ತಳ ಬಿಸಿ ಸೂಸುವ ಹಾಗೆ.

ದೂರ ಸುಮಾರು 400 ಜ್ಯೋತಿರ್ವರ್ಷ. ಸುಮಾರು 630 ದಿನಕ್ಕೊಮ್ಮೆ ಉಬ್ಬಿ ಇಳಿಯುತ್ತದೆ. ಆ ಉಬ್ಬರ ಅನಿಲವನ್ನು ಮೇಲಕ್ಕೆತ್ತುತ್ತದೆ, ಅಲ್ಲಿ ತಣಿದು ಮಸಿ ಹುಟ್ಟುತ್ತದೆ, ನಕ್ಷತ್ರದ ಬೆಳಕು ಆ ಮಸಿಯನ್ನು ತಳ್ಳುತ್ತದೆ, ಮಸಿ ತನ್ನ ಜೊತೆ ಅನಿಲವನ್ನೂ ಎಳೆದೊಯ್ಯುತ್ತದೆ. ತೂಕದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ಧೂಳು ಉಳಿದ ತೊಂಬತ್ತೊಂಬತ್ತನ್ನು ಹೊರಡಿಸುತ್ತದೆ! ಗಾಳಿಯ ವೇಗ ಸೆಕೆಂಡಿಗೆ ಸುಮಾರು 14.5 ಕಿಲೋಮೀಟರ್, ಹಾಸನದಿಂದ ಚಿಕ್ಕಮಗಳೂರಿಗೆ ನಾಲ್ಕೂ ಚಿಲ್ಲರೆ ಸೆಕೆಂಡು. ವರ್ಷಕ್ಕೆ ಆರೇಳು ಭೂಮಿಗಳಷ್ಟು ಸರಕು ಹೀಗೆ ಹೊರಟುಹೋಗುತ್ತದೆ.

ಈ ಗಾಳಿಯಲ್ಲಿ ಇದುವರೆಗೆ 80ಕ್ಕೂ ಹೆಚ್ಚು ಬಗೆಯ ಅಣುಗಳು ಸಿಕ್ಕಿವೆ. ನಕ್ಷತ್ರದ ಹತ್ತಿರ ಸಿಗುವ ಮುಖ್ಯರಲ್ಲೊಬ್ಬ ನಮ್ಮ ವೆಲ್ಡಿಂಗ್ ಅಂಗಡಿಯ ಅಸಿಟಿಲೀನ್. ಮಸಿ ಕಟ್ಟಲು ಇಟ್ಟಿಗೆ ಒದಗಿಸುವುದು ಅದೇ ಎನ್ನುತ್ತಾರೆ. ಎರಡೂ ಕಡೆ ಒಂದೇ ಸಮನಾಗಿರುವ ಅಣುವಾದ್ದರಿಂದ ತಿರುಗುವಾಗ ರೇಡಿಯೋ ಅಲೆ ಹೊರಡಿಸದು; ಅವಕೆಂಪಿನಲ್ಲಷ್ಟೇ ಸಿಕ್ಕಿಬೀಳುತ್ತದೆ. ಜೊತೆಗೆ ಹೈಡ್ರೋಜನ್ ಸಯನೈಡ್ ಎಂಬ ಘೋರ ವಿಷ. 1987ರಲ್ಲಿ ಸ್ಪೇನಿನ ಹೋಸೆ ಸೆರ್ನಿಚಾರೊ ಮತ್ತು ಫ್ರಾನ್ಸಿನ ಮಿಷೆಲ್ ಗೆಲಾಂ ಅಲ್ಲಿ ಸೋಡಿಯಂ ಕ್ಲೋರೈಡ್ ಕಂಡರು, ಅಂದರೆ ಅಡುಗೆ ಉಪ್ಪು. ಹೊರ ಅಂಚಿನಲ್ಲಿ ಬೇರೆಯೇ ಆಟ: ಅಂತರ ನಕ್ಷತ್ರ ಲೋಕದ ಅತಿನೇರಳೆ ಬೆಳಕು ಹೊಕ್ಕು ಅಸಿಟಿಲೀನನ್ನು ಒಡೆಯುತ್ತದೆ, ಒಡೆದ ಚೂರುಗಳು ಮತ್ತೆ ಕೊಂಡಿಯಾಗಿ ಆರು, ಏಳು, ಒಂಬತ್ತು ಇಂಗಾಲಗಳ ಉದ್ದನೆಯ ಸರಗಳಾಗುತ್ತವೆ. 1995ರಲ್ಲಿ ಜಪಾನಿನ ನೊಬೆಯಾಮಾ ದೂರದರ್ಶಕ ಇಲ್ಲಿಂದ ಯಾವ ಅಣುವಿನದೆಂದು ಗೊತ್ತಿಲ್ಲದ ಕೆಲವು ರೇಡಿಯೋ ಗೆರೆಗಳನ್ನು (ಒಂದೊಂದು ಅಣುವಿನ ಬೆರಳಚ್ಚಿನಂಥವು) ದಾಖಲಿಸಿತ್ತು. ಅವು ಹನ್ನೊಂದು ವರ್ಷ ಹಾಗೇ ಬಿದ್ದಿದ್ದವು. 2006ರಲ್ಲಿ ಹಾರ್ವರ್ಡ್‌ನ ಪ್ರಯೋಗಶಾಲೆಯಲ್ಲಿ ಅದೇ ಗೆರೆಗಳು ಮೂಡಿದವು: ಆರು ಇಂಗಾಲ, ಒಂದು ಹೈಡ್ರೋಜನ್, ಮೇಲೊಂದು ಹೆಚ್ಚುವರಿ ಎಲೆಕ್ಟ್ರಾನ್. ಬಾಹ್ಯಾಕಾಶದಲ್ಲಿ ಗುರುತಿಸಿದ, ಋಣ ವಿದ್ಯುದಂಶ ಹೊತ್ತ ಮೊದಲ ಅಣು ಅದು.

ನಾನು ಮೇಲೆ ಹೇಳಿದ ಸರಳ ಲೆಕ್ಕಕ್ಕೆ ಒಂದು ಪೆಟ್ಟೂ ಬಿದ್ದಿದೆ, ಮುಚ್ಚಿಡಬಾರದು. ಆಮ್ಲಜನಕವೆಲ್ಲ ಜೋಡಿಯಲ್ಲಿ ಕಟ್ಟಿಹೋದ ಮೇಲೆ ಅಲ್ಲಿ ನೀರು ಇರಕೂಡದು. ಆದರೆ 2001ರಲ್ಲಿ ನೀರಿನ ಆವಿ ಸಿಕ್ಕಿತು. ಧೂಮಕೇತುಗಳು ಕರಗುತ್ತಿವೆಯೇನೋ ಎಂದುಕೊಂಡರು. 2010ರಲ್ಲಿ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕ ನೋಡಿದಾಗ ನೀರು ಸುಡುಸುಡು ಬಿಸಿ, ನಕ್ಷತ್ರದ ಮಗ್ಗುಲಲ್ಲೇ! ಹೊಗೆಯ ಕವಚ ಮುದ್ದೆ ಮುದ್ದೆಯಾಗಿದ್ದು ಸಂದಿಗಳಿಂದ ಅತಿನೇರಳೆ ಬೆಳಕು ಒಳನುಗ್ಗಿ ಬಿಗಿಜೋಡಿಯನ್ನೂ ಬಿಡಿಸುತ್ತಿರಬೇಕು ಎಂಬುದು ಆಗ ಕೊಟ್ಟ ವಿವರಣೆ. ಹಂಚಿನ ಮನೆಯಲ್ಲಿ ಬಿಸಿಲುಕೋಲು ಬಿದ್ದಂತೆ.

ಇಂಥ ಅಣುಗಳ ಸದ್ದು ಹೆಚ್ಚಾಗಿ ಬರುವುದು ಮಿಲಿಮೀಟರ್ ಅಲೆಗಳಲ್ಲಿ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಬಿಳಿ ಆಂಟೆನಾಗಳನ್ನು ಕಂಡವರು ಅವುಗಳಿಂದ ಯಾಕಾಗದು ಎಂದು ಕೇಳುತ್ತಾರೆ. ಅವುಗಳ ಕೆಲಸ ಉಪಗ್ರಹಗಳ ಯೋಗಕ್ಷೇಮ. ಅಲ್ಲದೆ ನಮ್ಮ ಮಲೆನಾಡ ಸೆರಗಿನ ತೇವದ ಗಾಳಿ ಈ ಅಲೆಗಳನ್ನು ದಾರಿಯಲ್ಲೇ ಕುಡಿದುಬಿಡುತ್ತದೆ. ಅದಕ್ಕೇ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, 5,000 ಮೀಟರ್ ಎತ್ತರದಲ್ಲಿ ಆಲ್ಮಾ ಎಂಬ ರೇಡಿಯೋ ದೂರದರ್ಶಕದ ಆಂಟೆನಾಗಳನ್ನು ನೆಟ್ಟಿರುವುದು.

ಧೂಳು ಬರೀ ಮಸಿಯಲ್ಲ. ಸಾಣೆ ಚಕ್ರಕ್ಕೆ ಬಳಸುವ ಸಿಲಿಕಾನ್ ಕಾರ್ಬೈಡ್ ಕಣಗಳೂ ಇವೆ. ಅವು ಕೈಗೇ ಸಿಕ್ಕಿವೆ. ಐಆರ್‌ಸಿ+10216ರ ವರದಿ ಬಂದ 1969ರಲ್ಲೇ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಉಲ್ಕೆ ಬಿತ್ತು. ಅದರ ಚೂರುಗಳನ್ನು ಆಮ್ಲದಲ್ಲಿ ಕರಗಿಸಿದಾಗ ಕರಗದೆ ಉಳಿದ ಪುಡಿಯಲ್ಲಿ, 1987ರಲ್ಲಿ ಸೂರ್ಯನಿಗಿಂತ ಹಳೆಯ ಸಿಲಿಕಾನ್ ಕಾರ್ಬೈಡ್ ಸಿಕ್ಕಿತು. ಕಣಗಳೊಳಗಿನ, ತೂಕದಲ್ಲಿ ಬೇರೆಯಾದ ಎರಡು ಬಗೆಯ ಇಂಗಾಲದ ಪ್ರಮಾಣ ಸೂರ್ಯನದಕ್ಕೆ ಹೊಂದುವುದಿಲ್ಲ. ಇಂಗಾಲದ ನಕ್ಷತ್ರಗಳದಕ್ಕೆ ಹೊಂದುತ್ತದೆ. ‘ನಾವೆಲ್ಲ ನಕ್ಷತ್ರದ ಧೂಳು’ ಎಂಬ ಮಾತು ಭಾಷಣಗಳಲ್ಲಿ ಸವೆದುಹೋಗಿದೆ. ನನಗಂತೂ ಚಿಮುಟದ ತುದಿಯಲ್ಲಿ ಹಿಡಿಯಲೂ ಆಗದ ಆ ಕಣವೇ ಹೆಚ್ಚು.

ಕಣ್ಣಾರೆ ನೋಡಬೇಕೆನ್ನುವವರಿಗೆ ಮಸಿ ಇನ್ನೂ ದಟ್ಟವಾಗದ ಬೇರೊಂದು ಇಂಗಾಲದ ನಕ್ಷತ್ರವಿದೆ. ಜನವರಿಯಲ್ಲಿ ಕಾಫಿ ಕಣದಲ್ಲಿ ನಿಂತು ಒರಾಯನ್ (ಮಹಾವ್ಯಾಧ) ನಕ್ಷತ್ರಪುಂಜದ ಕಾಲು ರೈಜಲ್ ನಕ್ಷತ್ರವನ್ನು ಹುಡುಕಿ, ಅದರಿಂದ ತೆಂಕಣ-ಪಡುವಣಕ್ಕೆ ಬೈನಾಕ್ಯುಲರ್ ಇಳಿಸಿ. 1845ರಲ್ಲಿ ಜಾನ್ ರಸೆಲ್ ಹೈಂಡ್ ಕಂಡ ಆರ್ ಲೆಪೋರಿಸ್ ಕುಂಕುಮದ ಚುಕ್ಕೆಯಂತೆ ಕಾಣುತ್ತದೆ. ಅದರದೇ ಇಂಗಾಲದ ಅಣುಗಳು ನೀಲಿಯನ್ನು ನುಂಗಿ ಕೆಂಪನ್ನಷ್ಟೇ ಬಿಡುತ್ತವೆ. ಹದಿನಾಲ್ಕು ತಿಂಗಳಿಗೊಮ್ಮೆ ಅದು ಮಂಕಾಗುವುದುಂಟು. ನೀವು ನೋಡಿದ ದಿನ ಸಿಗದಿದ್ದರೆ ಏಳು ತಿಂಗಳಿಗೆ ಮತ್ತೆ ಹೊಳೆಯುತ್ತದೆ ನಿಜ, ಆದರೆ ಆಗ ಇಲ್ಲಿ ಮಘೆ ಮಳೆ. ಮುಂದಿನ ಮಾಗಿಯವರೆಗೆ ಕಾಯಬೇಕು.