ಪುಸ್ತಕದಲ್ಲಿ ಸಿಗದ ಹಾಡು: ಡಚ್ ಮನೆಗಳ ಕೀರ್ತನೆ ಮತ್ತು ಹಳೇ ಕ್ಯಾಸೆಟ್‌ಗಳು

ಅಜ್ಜ ಅಜ್ಜಿ ಮನೆಯಲ್ಲಿ ಹಾಡಿದ ಕೀರ್ತನೆಗಳ ಕ್ಯಾಸೆಟ್ ಹುಡುಕಿ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಡಚ್ ಕುಟುಂಬಗಳಿವೆ. ಪದಗಳು ಪುಸ್ತಕದಲ್ಲಿವೆ, ರಾಗವೂ ಅಚ್ಚಾಗಿದೆ, ಮತ್ತೆ ಯಾಕೆ ಈ ಕಷ್ಟ ಅಂತ ಕೇಳಬಹುದು. ಉತ್ತರಕ್ಕೆ ನಾಲ್ಕೂವರೆ ಶತಮಾನ ಹಿಂದೆ ಹೋಗಬೇಕು.

ಇಲ್ಲಿ ಕೀರ್ತನೆ ಅಂದರೆ ದಾಸರದ್ದಲ್ಲ, ಬೈಬಲ್‌ನ 150 ಕೀರ್ತನೆಗಳು. ಚರ್ಚಿಗೆ ಸೇರಿದ ಜನರೇ ಹಾಡಲಿ ಅಂತ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಅವುಗಳನ್ನು ಫ್ರೆಂಚ್ ಪದ್ಯ ಮಾಡಿಸಿದ. 1562ರಲ್ಲಿ ಜಿನೀವಾದಲ್ಲಿ ಪೂರ್ತಿ ಪುಸ್ತಕ ಬಂತು. 1566ರಲ್ಲಿ ಪೆತ್ರುಸ್ ದಾತೇನ್ ಎಂಬ ಪಾದ್ರಿ ಅದೇ ರಾಗಗಳಿಗೆ ಡಚ್ ಪದ ಕೂರಿಸಿದ. ಆಗ ಡಚ್ ನಾಡಿನಲ್ಲಿ ಕ್ಯಾಥೊಲಿಕ್ಕನಾದ ಸ್ಪೇನ್ ದೊರೆಯ ಆಳ್ವಿಕೆ. ಅದಕ್ಕೇ ಪ್ರಾಟೆಸ್ಟಂಟರು ಊರಾಚೆ ಬಯಲಲ್ಲಿ ಸೇರಿ ಪ್ರವಚನ ಕೇಳಿ ಇವನ್ನು ಹಾಡುತ್ತಿದ್ದರು.

ಜಿನೀವಾದ ರಾಗಗಳಲ್ಲಿ ಉದ್ದ ಸ್ವರವೂ ಇದೆ, ಗಿಡ್ಡ ಸ್ವರವೂ ಇದೆ. ಆದರೆ ವಾದ್ಯವೇ ಇಲ್ಲದೆ, ಮುಂದೆ ನಿಂತು ಎತ್ತಿಕೊಡುವ ಒಬ್ಬನ ದನಿ ಹಿಡಿದು ದೊಡ್ಡ ಸಭೆ ಹಾಡುತ್ತಾ ಹಾಡುತ್ತಾ ಸ್ವರಗಳೆಲ್ಲ ಒಂದೇ ಉದ್ದಕ್ಕೆ ಬಂದವು, ತುಂಬಾ ನಿಧಾನವೂ ಆದವು. ಚರ್ಚಲ್ಲಿ ಹಾಡಿನ ಜೊತೆ ಆರ್ಗನ್ ನುಡಿಸಬೇಕೇ ಬೇಡವೇ ಅನ್ನುವುದೇ 17ನೇ ಶತಮಾನದ ದೊಡ್ಡ ವಾದ. 1641ರಲ್ಲಿ ಕವಿ ಕಾನ್‌ಸ್ಟಾಂಟೈನ್ ಹೌಖೆನ್ಸ್ ನುಡಿಸಬೇಕು ಅಂತ ಪುಸ್ತಕವನ್ನೇ ಬರೆದ.

1773ರಲ್ಲಿ ಸರ್ಕಾರವೇ ಹೊಸ ಪದ್ಯಾನುವಾದ ತಂದಿತು. ಅದರ ಜೊತೆ ಬೇಗ ಹಾಡುವ ಕ್ರಮವೂ ಬಂತು. ಮಾಸ್‌ಸ್ಲೌಸ್, ವ್ಲಾರ್ಡಿಂಗನ್ ಎಂಬ ಮೀನುಗಾರರ ಊರುಗಳಲ್ಲಿ 1775-76ರಲ್ಲಿ ಇದಕ್ಕೇ ಗಲಭೆ ಎದ್ದಿತು. ಹಾಡಿನ ವೇಗಕ್ಕೆ ಊರೇ ಬೀದಿಗಿಳಿಯಿತು ಅಂದರೆ, ಅವರಿಗೆ ಹಾಡುವ ರೀತಿಯೇ ಹಾಡಾಗಿತ್ತು ಅಲ್ವಾ? ಆ ಜನ ಹೇಗೆ ಹಾಡಿದರು ಅಂತ ಇವತ್ತು ಕೇಳುವಂತಿಲ್ಲ. ಪುಸ್ತಕ ಉಳಿಯಿತು, ದನಿ ಹೋಯಿತು. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ದಾತೇನನ ಪದಗಳನ್ನು ಇಂದಿಗೂ ಬಿಡದ ಕೆಲವು ಸಭೆಗಳು ನೆದರ್ಲೆಂಡ್ಸ್‌ನ ಝೇಲಂಡ್ ಪ್ರಾಂತ್ಯದ ಕಡೆ ಇವೆ. ಗೆನೆಮೌಡನ್ ಊರಿನಲ್ಲಿ ಗಂಡಸರು ಮೂಲ ರಾಗದ ಮೇಲೆ ಇನ್ನೊಂದು ಎತ್ತರದ ದನಿ ಸೇರಿಸುತ್ತಾರೆ, ಅದಕ್ಕೆ ಬೋವನ್‌ಸ್ಟೆಮ್ ಅನ್ನುತ್ತಾರೆ. ಕೇಳಿ ಕೇಳಿಯೇ ಬಂದ ಕಲೆ ಅದು. ಮನೆಗಳಲ್ಲಿ ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಇರುತ್ತಿತ್ತು, ನಮ್ಮ ಕಂಪನಿ ನಾಟಕದ ಲೆಗ್ ಹಾರ್ಮೋನಿಯಂನ ಜಾತಿಯದ್ದೇ. ಭಾನುವಾರ ಅದರ ಸುತ್ತ ಮನೆಯವರೆಲ್ಲ ಸೇರುತ್ತಿದ್ದರು.

ಎರಡನೇ ಮಹಾಯುದ್ಧದ ನಂತರ ಲಕ್ಷಾಂತರ ಡಚ್ಚರು ಕೆನಡಾ, ಆಸ್ಟ್ರೇಲಿಯಾ ಕಡೆ ಹೊರಟರು. ಚರ್ಚಿನ ಭಾಷೆ ನಿಧಾನಕ್ಕೆ ಇಂಗ್ಲಿಷ್ ಆಯಿತು. ಮಕ್ಕಳಿಗೆ ಡಚ್ ಅರ್ಥವಾಗುತ್ತಿತ್ತು, ಮೊಮ್ಮಕ್ಕಳಿಗೆ ಅದೂ ಕಷ್ಟ. 1963ರಲ್ಲಿ ಡಚ್ ಕಂಪನಿ ಫಿಲಿಪ್ಸ್ ಪುಟ್ಟ ಕ್ಯಾಸೆಟ್ ತಂದಿತು. ಮೇಜಿನ ಮೇಲೆ ರೆಕಾರ್ಡರ್ ಇಟ್ಟು ಸುಮ್ನೆ ಗುಂಡಿ ಒತ್ತಿದರೆ ಸಾಕು, ಹಾಡು, ಸಾಲಿನ ಕೊನೆಯ ಉಸಿರು, ಹಾರ್ಮೋನಿಯಂ ಪೆಡಲ್ಲಿನ ಸದ್ದು ಎಲ್ಲಾ ಸೇರಿಕೊಳ್ಳುತ್ತದೆ.

ಇಳಿಸಿಕೊಳ್ಳುವಾಗ ಒಂದು ಎಚ್ಚರ ಬೇಕು. ಹಳೇ ಪ್ಲೇಯರಿನ ಬೆಲ್ಟ್ ಸಡಿಲವಾದರೆ ಟೇಪ್ ನಿಧಾನವಾಗಿ ಓಡುತ್ತದೆ. ಮೊದಲೇ ನಿಧಾನದ ಹಾಡು, ತಪ್ಪು ಗೊತ್ತೇ ಆಗುವುದಿಲ್ಲ. ಮನೆಯ ಹಾರ್ಮೋನಿಯಂ ಇನ್ನೂ ಇದ್ದರೆ ಅದೇ ಸ್ವರ ಒತ್ತಿ ಶ್ರುತಿ ಹೋಲಿಸಿ ನೋಡಬಹುದು. ಗೊರಗೊರ ಸದ್ದು ತೆಗೆಯುವ ಆಸೆ ಬೇಡ, ಅದರ ಜೊತೆ ಉಸಿರೂ ಹೋಗುತ್ತದೆ. ಮೊದಲ ಪ್ರತಿಯನ್ನು ಕುಗ್ಗಿಸದ ವೇವ್ ಫೈಲ್ ಆಗಿಡಬೇಕು, ಕ್ಯಾಸೆಟ್ ಎಸೆಯಬಾರದು. ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರ ಜೊತೆ ಕೂತು ಕೇಳಬೇಕು. ಯಾವ ಕೀರ್ತನೆ, ಯಾವ ಊರಿನ ರೀತಿ, ಮೇಲಿನ ದನಿ ಯಾರದ್ದು ಅಂತ ಅವರು ಹೇಳಿದ ಹಾಗೆ ಅವತ್ತೇ ಬರೆದಿಟ್ಟುಕೊಳ್ಳಬೇಕು.