ಎಂಟಿಬಿಗೆ ಯಾವ ಪೆಡಲ್? ಇದೇ ಕೊನೆಯ ಸಲ ಹೇಳ್ತಿರೋದು!

ಪ್ರಶ್ನೆ: ಹೊಸದಾಗಿ ಎಂಟಿಬಿ (ಮೌಂಟನ್ ಬೈಕ್) ತಗೊಂಡಿದ್ದೇನೆ ಸರ್. ಸಾದಾ ಫ್ಲ್ಯಾಟ್ ಪೆಡಲ್ ಸಾಕಾ, ಶೂವನ್ನು ಪೆಡಲಿಗೆ ಲಾಕ್ ಮಾಡುವ ಕ್ಲಿಪ್‌ಲೆಸ್ ಹಾಕಿಸಲೇಬೇಕಾ?

ಫ್ಲ್ಯಾಟ್ ಸಾಕು. ಎಷ್ಟನೇ ಸಲ ಹೇಳುತ್ತಿದ್ದೇನೋ, ಲೆಕ್ಕ ತಪ್ಪಿದೆ. ಆದರೆ ಸೈಕಲ್ ಜೊತೆ ಬಂದ ಆ ಜಾರುವ ಪ್ಲಾಸ್ಟಿಕ್ ಪೆಡಲ್ ಬೇಡ. ಅಗಲವಾಗಿ, ಎರಡೂ ಬದಿ ಶೂ ಹಿಡಿಯುವ ಚಿಕ್ಕ ಪಿನ್ ಇರುವುದನ್ನು ಹಾಕಿಸಿ. ಅಲಾಯ್ ಆದರೂ ಸರಿ, ನೈಲಾನ್ ಆದರೂ ಸರಿ. ಶೂ ಅಡಿ ಮಟ್ಟಸವಾಗಿರಲಿ. ಕಲಿಯುವಾಗ ಯಲಹಂಕದಾಚೆಯ ಆವಲಹಳ್ಳಿ ಕಾಡಿನ ಸಡಿಲ ಮಣ್ಣಲ್ಲಿ ಚಕ್ರ ಜಾರಿತು ಅಂದರೆ ಕಾಲು ತಟ್ಟನೆ ನೆಲಕ್ಕೆ ಬರಬೇಕು, ಅಲ್ವಾ?

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಬೆನ್ನಲ್ಲೇ ಬರುವ ಮಾತು ಗೊತ್ತು: ಕ್ಲಿಪ್‌ಲೆಸ್ ಇದ್ದರೆ ಕಾಲನ್ನು ಮೇಲಕ್ಕೆ ಎಳೆದೂ ಪವರ್ ತೆಗೆಯಬಹುದಂತೆ, ಏರಿನಲ್ಲಿ ಅರ್ಧ ಕಷ್ಟ ತಪ್ಪುತ್ತದಂತೆ. ಬರೀ ಅಂತೆಕಂತೆ! ನೀವು ಬಲಗಾಲಲ್ಲಿ ತುಳಿದಾಗ ಎಡಗಾಲು ಮೇಲೆ ಬರುತ್ತಿರುತ್ತದೆ, ಅದರ ಭಾರವನ್ನು ಎತ್ತುವುದು ಬಲಗಾಲೇ. ಪಳಗಿದವರು ಎಡಗಾಲನ್ನು ಸ್ವಲ್ಪ ಹಗುರ ಮಾಡಿಕೊಳ್ಳುತ್ತಾರೆ, ಅಷ್ಟೇ. ಜೋರೆಲ್ಲ ತುಳಿತದಲ್ಲಿ, ತೊಡೆಯ ದೊಡ್ಡ ಸ್ನಾಯುಗಳಲ್ಲಿ. ಇದನ್ನು ಪ್ರಯೋಗ ಮಾಡಿಯೂ ನೋಡಿದ್ದಾರೆ: ಸವಾರರಿಗೆ ಬೇಕಂತಲೇ ಮೇಲಕ್ಕೆ ಎಳೆಯಿರಿ ಅಂದಾಗ, ಅಷ್ಟೇ ಕೆಲಸಕ್ಕೆ ಮೈ ಜಾಸ್ತಿ ಶಕ್ತಿ ಸುಟ್ಟಿತು. ಇನ್ನೂ ನಂಬಿಕೆ ಬರಲಿಲ್ವಾ? ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2017, 2018, 2019 ಮೂರೂ ವರ್ಷ ಮೌಂಟನ್ ಬೈಕ್ ರೇಸ್ ಸರಣಿ ಎಂಡ್ಯೂರೊ ವರ್ಲ್ಡ್ ಸೀರೀಸ್ ಗೆದ್ದದ್ದು ಫ್ಲ್ಯಾಟ್ ಪೆಡಲಿನಲ್ಲಿ. ಅಲ್ಲಿ ಸಮಯ ಎಣಿಸುವುದು ಹೆಚ್ಚಾಗಿ ಇಳಿಜಾರಿನಲ್ಲಿ, ನಿಜ. ಆದರೆ ಗುಡ್ಡ ಹತ್ತುವುದೂ ಅದೇ ಪೆಡಲಿನಲ್ಲೇ ತಾನೆ!

ಹಾಗಂತ ಕ್ಲಿಪ್‌ಲೆಸ್ ದಂಡ ಅಂತಲ್ಲ. ಕಲ್ಲು, ಬೇರುಗಳ ಮೇಲೆ ಹಾರಿ ಬಿದ್ದರೂ ಕಾಲು ಜಾಗ ಬಿಡುವುದಿಲ್ಲ, ಕ್ರಾಸ್ ಕಂಟ್ರಿ ರೇಸಿನವರು ಅದನ್ನೇ ಹಾಕುವುದು ಅದಕ್ಕೇ. ನಿಮಗೂ ಆಸೆ ಇದ್ದರೆ ಶಿಮಾನೊ ಎಸ್‌ಎಚ್56 ಕ್ಲೀಟ್ (ಶೂ ಅಡಿಗೆ ಕೂರಿಸುವ, ಪೆಡಲಿಗೆ ಸಿಕ್ಕಿಕೊಳ್ಳುವ ತುಂಡು) ಹಾಕಿಸಿ, ಕಾಲನ್ನು ಹೇಗೆ ಕಿತ್ತರೂ ಬಿಡುತ್ತದೆ. ಪೆಡಲಿನ ಸ್ಪ್ರಿಂಗ್ ಸಡಿಲ ಇಡಿ. ನಾನು ಮೊದಲ ದಿನ ಬಿದ್ದದ್ದು ಟ್ರೇಲಿನಲ್ಲಲ್ಲ, ಎಳನೀರು ಗಾಡಿ ಮುಂದೆ, ಕಾಲು ಬಿಡಿಸಲಾಗದೆ ನಿಂತಲ್ಲೇ. ಎಳನೀರಿನವನು ಮಚ್ಚು ಕೆಳಗಿಟ್ಟು ಬಂದು ಎತ್ತಿದ.

ಯಾರೂ ಕೇಳದ ಇನ್ನೊಂದು ವಿಷಯ, ಆದರೆ ಕೇಳಬೇಕಾದದ್ದು: ಹಳೇ ಪೆಡಲ್ ಬಿಚ್ಚುವುದು ಹೇಗೆ? ಎಡ ಪೆಡಲಿನ ಥ್ರೆಡ್ ಉಲ್ಟಾ. ತುಳಿಯುತ್ತಾ ತುಳಿಯುತ್ತಾ ತಾನಾಗಿ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿದ್ದಾರೆ. ಒಂದು ಅಂಗಡಿಯ ಹುಡುಗ ಇದು ಗೊತ್ತಿಲ್ಲದೆ ಸ್ಪ್ಯಾನರಿಗೆ ಪೈಪ್ ತೂರಿಸಿ ಒತ್ತಿ ನನ್ನ ಕ್ರ್ಯಾಂಕನ್ನೇ (ಪೆಡಲ್ ಕೂರುವ ತೋಳು) ಹಾಳು ಮಾಡಿದ. 15 ಎಂಎಂ ಸ್ಪ್ಯಾನರನ್ನು ನೆಟ್ಟಗೆ ಮೇಲ್ಮುಖವಾಗಿ ಕೂರಿಸಿ ಹಿಂದಿನ ಚಕ್ರದ ಕಡೆ ತಳ್ಳಿ, ಎರಡೂ ಬದಿಗೂ ಇದೇ. ಹೊಸದಕ್ಕೆ ಗ್ರೀಸ್ ಹಚ್ಚಿ, ಮೊದಲ ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಿ. ಅಲ್ಲೇ ಬಿಗಿಯಾಯಿತಾ? ನಿಲ್ಲಿಸಿ, ಪೆಡಲ್ ಮೇಲೆ ಎಲ್ (ಎಡ) ಇದೆಯೋ ಆರ್ (ಬಲ) ಇದೆಯೋ ನೋಡಿ.